ಬುಧವಾರ ಗಿರಣಿ ನಿಲ್ಲಿಸಿದ ಮಾಸ್ತರರು

ಆ ಮಾಸ್ತರರ ಮಾತು ಕೇಳಬೇಕೆಂದರೆ ನಾವು ಗಿರಣಿ ನಿಲ್ಲಿಸಬೇಕಾಗುತ್ತಿತ್ತು. ಅಷ್ಟು ಮೆತ್ತಗಿನ ದನಿ ಅವರದು.

ಬ್ಯಾಡಗಿಯಲ್ಲಿ ನಮ್ಮದು ಖಾರ ಕುಟ್ಟುವ ಗಿರಣಿ. ಅದರ ಮಗ್ಗುಲಿಗೇ ಸರಕಾರಿ ಶಾಲೆ. ನಡುವೆ ಒಂದು ಗೋಡೆ, ಒಂದು ಬೇವಿನ ಗಿಡ, ಅಷ್ಟೇ. ನಮ್ಮ ಖಾರ ಹಾರಿದರೆ ಅಲ್ಲಿ ಹುಡುಗರು ಸೀನುತ್ತಾರೆ. ಅಲ್ಲಿ ಗಂಟೆ ಬಾರಿಸಿದರೆ ಇಲ್ಲಿ ನಾವು ಊಟಕ್ಕೆ ಏಳುತ್ತೇವೆ.

ಹೋದ ವಾರ ಆ ಮಾಸ್ತರರು ರಿಟೈರ್ ಆದರು. ಬೀಳ್ಕೊಡುವ ಸಭೆಯಿಂದ ಬಂದ ಮೇಲೆ ನನಗೆ ಸಂತೋಷ ಹೊಟ್ಟೆಯೊಳಗೆ ಹಿಡಿಸುತ್ತಿಲ್ಲ. ಯಾರ ಮುಂದೆ ಹೇಳಲಿ? ಖಾರ ಕುಟ್ಟಿಸಲು ಬರುವವರ ಮುಂದೆಲ್ಲ ಹೇಳಿ ಆಯಿತು. ಈಗ ನನ್ನನ್ನು ಕಂಡರೆ ಅವರೇ ಮೊದಲು "ಹೂಂ ಅಮ್ಮಾರ, ಗೊತ್ತೈತಿ" ಅನ್ನುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಮೂರನೇ ಇಯತ್ತೆಗೆ ಶಾಲೆ ಬಿಟ್ಟ ಕೈ ಇದು, ಜರಡಿ ಹಿಡಿದಷ್ಟು ಸಲೀಸಾಗಿ ಪೆನ್ನು ಹಿಡಿಯದು. ಹಿಡಿಯದಿದ್ದರೆ ಬಿಡಲಿ.

ಅವರ ಹೆಸರು ಬರೆಯುವುದಿಲ್ಲ. ಕೇಳಿದ್ದಕ್ಕೆ, "ಹಾಜರಿ ಪುಸ್ತಕದಾಗ ಹೆಸರು ಬರದ ಬರದ ನನಗ ಸಾಕಾಗೇತ್ರಿ ಅವ್ವಾರ, ನಂದಂತೂ ಎಲ್ಲೂ ಬ್ಯಾಡ" ಎಂದರು. ಅವರು ಎಂದದ್ದು ನನಗೆ ಕೇಳಿಸಿತು. ಗಿರಣಿ ನಡೆಯುತ್ತಿರುವಾಗಲೇ ಕೇಳಿಸಿತು! ಅದೇ ನಾನು ಹೇಳಹೊರಟ ಕತೆ.

ಮೊದಲ ಸಲ ಅವರು ಗಿರಣಿಯ ಬಾಗಿಲಿಗೆ ಬಂದದ್ದು ಒಂದು ಜೂನ್ ತಿಂಗಳಲ್ಲಿ. ಶಾಲೆ ತೆರೆದು ಎರಡೋ ಮೂರೋ ದಿನ ಆಗಿತ್ತು. ನನ್ನ ಮೊಮ್ಮಗಳಿಗೆ ಪಾಠ ಹೇಳುವ ಮಾಸ್ತರರೆಂದು ಗುರುತಿತ್ತು, ಮಾತಾಡಿದ್ದಿರಲಿಲ್ಲ. ಬಿಳಿ ಅಂಗಿ, ತೋಳು ಎರಡೇ ಮಡಿಕೆ, ಬಗಲಲ್ಲಿ ಬಟ್ಟೆಯ ಚೀಲ, ಮೂಗಿಗೆ ಒತ್ತಿ ಹಿಡಿದ ಕರವಸ್ತ್ರ. ತುಟಿ ಅಲುಗುತ್ತಿದ್ದವು. ದನಿ ಮಾತ್ರ ಇಲ್ಲ.

"ಏನಂದ್ರೀ?" ಎಂದು ನನ್ನ ಮಗ ಶೇಖಪ್ಪ ಒದರಿದ. ಯಜಮಾನರು ತೀರಿದ ಮೇಲೆ ಗಿರಣಿ ನಡೆಸುವವನು ಅವನೇ.

ಮತ್ತೆ ತುಟಿ ಅಲುಗಿದವು. ಆಮೇಲೆ ಒಂದು ಸೀನು ಬಂತು.

"ಮಾಸ್ತರು ಸೀನಿದ್ದ ಕೇಳಿಸ್ತವ್ವಾ, ಹೇಳಿದ್ದ ಕೇಳಿಸಲಿಲ್ಲ" ಎಂದಳು ಪಾಳಿಯಲ್ಲಿ ಕುಳಿತ ಹೆಂಗಸೊಬ್ಬಳು. ಉಳಿದವರು ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕರು.

ಶೇಖಪ್ಪ ಗಿರಣಿ ನಿಲ್ಲಿಸಿದ. ಆಗ ಮಾಸ್ತರರು, ಮಲಗಿದ ಕೂಸಿನ ಪಕ್ಕ ಕೂತು ಮಾತಾಡುವವರಂತೆ ಹೇಳಿದರು. "ಶಾಲಿಗೆ ನಾಕು ಕಂಪ್ಯೂಟರ್ ಬಂದಾವ್ರಿ. ನಿಮ್ಮ ಗಿರಣಿ ಚಾಲೂ ಆತಂದ್ರ ನಮಗ ಕರೆಂಟ್ ಸಾಲವಲ್ದು, ಅವು ಕಣ್ಣು ಮುಚ್ಚತಾವ. ಬುಧವಾರ ಒಂದ ತಾಸು ನಿಲ್ಲಸ್ತೀರೇನ್ರಿ?"

"ಒಂದ ತಾಸು ನಿಲ್ಲಿಸಿದ್ರ ಪಾಳೇದಾಗಿನ ಮಂದಿ ಮತ್ತೊಂದ ಗಿರಣಿಗೆ ಹೊಕ್ಕಾರ್ರಿ ಸರ" ಎಂದ ಶೇಖಪ್ಪ.

"ಹೋದ್ರ ಹೋಗ್ಲಿ, ನಿಲ್ಲಸೋ" ಎಂದೆ ನಾನು.

ನಾನು ಹಾಗೆ ಎಂದದ್ದು ಶಾಲೆಯ ಮೇಲಿನ ಪ್ರೀತಿಯಿಂದಲ್ಲ, ಚೈತ್ರಿಗಾಗಿ. ಶೇಖಪ್ಪನ ಮಗಳು ಚೈತ್ರಾ, ನಮ್ಮ ಬಾಯಲ್ಲಿ ಚೈತ್ರಿ. ನನ್ನನ್ನು ಆಯಿ ಎಂದು ಕರೆಯುತ್ತಾಳೆ. ಮನೆಯಲ್ಲಿ ಮಾತಿನ ಮಲ್ಲಿ, ಒಂದು ಕೇಳಿದರೆ ನಾಲ್ಕು ಹೇಳುವವಳು. ಶಾಲೆಯಲ್ಲಿ ಮಾತ್ರ ತುಟಿ ಎರಡು ಮಾಡುತ್ತಿರಲಿಲ್ಲ. ಲೆಕ್ಕ ಕೇಳಿದರೆ ಹಲಗೆ ನೋಡುವಳು, ಕತೆ ಕೇಳಿದರೆ ಕಿಟಕಿ ನೋಡುವಳು. ಮೂರನೇತ್ತೆಯಲ್ಲಿ ಈ ಮಾಸ್ತರರೇ, ನಾಲ್ಕನೇತ್ತೆಯಲ್ಲೂ ಇವರೇ. ಎರಡು ವರ್ಷವೂ ಮಾರ್ಕಿನ ಕಾರ್ಡಿನಲ್ಲಿ ಅದೇ ಚಂದದ ಅಕ್ಷರ: "ಪಾಠದ ಕಡೆ ಲಕ್ಷ್ಯವಿಲ್ಲ." ದೂಡಿದ ಗಾಡಿಯ ಹಾಗೆ ಐದನೇತ್ತೆಗೆ ಬಂದು ನಿಂತಿದ್ದಳು. ಶೇಖಪ್ಪ ಶಾಲೆ ತೆರೆದ ದಿನವೇ ಹೇಳಿಬಿಟ್ಟಿದ್ದ.

"ಈ ಜೂನ್ ಒಂದ ನೋಡೂದು. ಆಗಲಿಲ್ಲಂದ್ರ ಬಿಡಿಸಿ ಗಿರಣ್ಯಾಗ ಜರಡಿ ಹಿಡಿಯಾಕ ಕುಂದರಸೂದು. ತಲ್ಯಾಗ ಇಲ್ಲದ್ದನ್ನ ಶಾಲಿ ಎಲ್ಲಿಂದ ತಂದ ತುಂಬತೈತಿ?"

ಅವನ ಕಡೆ ತಪ್ಪು ಹೇಳಲು ನನಗೆ ಬಾಯಿ ಬರಲಿಲ್ಲ. ಆದರೆ ಆ ಜರಡಿಯನ್ನು ನಾನು ಒಂಬತ್ತನೇ ವರ್ಷಕ್ಕೆ ಹಿಡಿದವಳು. ಅದರ ಮುಂದೆ ಕುಳಿತವಳ ಕಣ್ಣು ಇಡೀ ಜನ್ಮ ಹೇಗೆ ಉರಿಯುತ್ತದೆಂದು ನನಗೆ ಗೊತ್ತು. ಮಾಸ್ತರರ ಕೈಲಿ ಆಗದ್ದು ಆ ಕಂಪ್ಯೂಟರ್ ಡಬ್ಬಿಯ ಕೈಲಾದರೂ ಆದೀತು, ಒಂದು ತಾಸು ಹೋದರೆ ಹೋಗಲಿ, ಎಂದು ಆಸೆಪಟ್ಟೆ.

ಅವರ ದನಿಯ ಬಗ್ಗೆ ಶಾಲೆಯಲ್ಲಿ ಬೇಕಾದಷ್ಟು ಕತೆಗಳಿದ್ದವು. ಒಮ್ಮೆ ಹೆಡ್‌ಮಾಸ್ತರರು ಆ ಕೋಣೆ ಖಾಲಿ ಇದೆ ಎಂದು ತಿಳಿದು ಹೊರಗಿನಿಂದ ಚಿಲಕ ಹಾಕಿ ಹೋದರಂತೆ. ಒಳಗೆ ನಲವತ್ತು ಹುಡುಗರು, ಪಾಠ ನಡೆದಿದೆ! ಬೇರೆಯವರಾಗಿದ್ದರೆ ಬಾಗಿಲು ಬಡಿದು ಕೂಗುತ್ತಿದ್ದರು. ಇವರು ಒಂದು ಚೀಟಿ ಬರೆದು, ಕಿಟಕಿಯ ಸರಳಿನಿಂದ ಕೈ ಹೊರಗೆ ಚಾಚಿ, ಯಾರಾದರೂ ಇಸಕೊಳ್ಳುವವರೆಗೆ ನಿಂತರಂತೆ. ಪಕ್ಕದ ಕೋಣೆಯಲ್ಲಿ ಟೇಬಲ್ಲಿಗೆ ಬೆತ್ತ ಬಡಿಯುವ ಸದ್ದು. ಇವರ ಕೋಣೆಯಲ್ಲಿ ಹುಡುಗರೆಲ್ಲ ಕೊರಳು ಮುಂದೆ ಚಾಚಿ ಬಾತುಕೋಳಿಗಳ ಹಾಗೆ ಕುಳಿತಿರುತ್ತಿದ್ದರು. ಊರಿನವರು ಅದನ್ನೇ ಹೊಗಳುತ್ತಿದ್ದರು. ನಾನೂ ಹೊಗಳಿದವಳೇ.

ಯಾಕೆ ಹಾಗೆ ಎಂದು ಎಷ್ಟೋ ವರ್ಷದ ಮೇಲೆ, ಗಿರಣಿಯ ಕಟ್ಟೆಯ ಮೇಲೆ ಬಸಿಯಲ್ಲಿ ಚಹಾ ಆರಿಸಿ ಕುಡಿಯುತ್ತ ಹೇಳಿದರು. "ಮೋಟೆಬೆನ್ನೂರಾಗ ನಾ ಎರಡನೇತ್ತೆ ಇದ್ದಾಗ ನಮ್ಮ ಮಾಸ್ತರು ಒಮ್ಮೆ ನನ್ನ ಮ್ಯಾಲೆ ಒದರಿದ್ರು. ಹೊಡೀಲಿಲ್ರಿ, ಬರೇ ಒದರಿದ್ರು. ಅಲ್ಲೇ ಚಡ್ಡಿ ತೊಯಿಸ್ಕೊಂಡೆ. ಅವತ್ತ ಠರಾಯಿಸಿದೆ, ನಾ ಮಾಸ್ತರ ಆದ್ರ ದನಿ ಏರಸೂದಿಲ್ಲಂತ." ಆಣೆ ಮಾಡಿದ ಊರಲ್ಲೇ ಮನೆ, ದಿನವೂ ಅಲ್ಲಿಂದಲೇ ಬಸ್ಸಿಗೆ ಬರುತ್ತಿದ್ದರು. ಆ ಆಣೆಯೂ ಅವರ ಜೊತೆ ಬಸ್ಸು ಹತ್ತಿ ಬರುತ್ತಿತ್ತು.

ಕಂಪ್ಯೂಟರ್ ಎಂದರೆ ಹುಡುಗರಿಗೆ ಆಸೆ, ಅವರಿಗೆ ಭಯ. ಹಾವೇರಿಯಲ್ಲಿ ಮೂರು ದಿನ ತರಬೇತಿಗೆ ಕಳಿಸಿದ್ದರು. ಅಲ್ಲಿ ಹೇಳಿದ್ದನ್ನೆಲ್ಲ ನೋಟುಬುಕ್ಕಿನಲ್ಲಿ ಬರೆದುಕೊಂಡು ಬಂದಿದ್ದರು. ಆ ಪುಟವನ್ನು ನಾನೇ ನೋಡಿದ್ದೇನೆ. ಒಂದು, ಗೋಡೆಯ ಗುಂಡಿ. ಎರಡು, ಬ್ಯಾಟರಿಯ ಡಬ್ಬಿ. ಮೂರು, ದೊಡ್ಡ ಡಬ್ಬಿ. ನಾಲ್ಕು, ಗಾಬರಿಯಾಗಬಾರದು.

ಕೋಣೆಗೆ ಸುಣ್ಣ ಬಳಿಸಿದ್ದರು, ಕಿಟಕಿಗೆ ಜಾಳಿಗೆ ಹೊಡೆಸಿದ್ದರು. ಚಪ್ಪಲಿ ಹೊರಗೇ ಬಿಡಬೇಕು. ನಾಲ್ಕೂ ಕಂಪ್ಯೂಟರಿಗೆ ಮಾಸ್ತರರ ಹೆಂಡತಿ ತಮ್ಮ ಹಳೇ ಸೀರೆ ಹರಿದು ಗೌಸು ಹೊಲಿದು ಕೊಟ್ಟಿದ್ದರು. ಹಸಿರು ಅಂಚು ಮುಂದೆ ಬರುವ ಹಾಗೆ. ಮೊದಲ ಬುಧವಾರ ಗಿರಣಿ ನಿಲ್ಲಿಸಿದೆವು. ಆ ತಾಸು ಪೂರಾ ಪೂಜೆಗೆ ಹೋಯಿತು. ಕಾಯಿ ಒಡೆದರು, ಕುಂಕುಮ ಹಚ್ಚಿದರು, ಸಕ್ಕರೆ ಹಂಚಿದರು, ಬೀಗ ಹಾಕಿದರು. ಎರಡನೇ ಬುಧವಾರ ಗಿರಣಿ ನಿಲ್ಲಿಸಿದೆವು. ಆ ತಾಸು ನೋಟುಬುಕ್ಕಿನ ಮೂರನೇ ಸಾಲಿನಲ್ಲೇ ಮುಗಿಯಿತು, ಡಬ್ಬಿ ಏಳಲಿಲ್ಲ.

"ಚಲೋ ಆತು. ನಮ್ಮ ಗಿರಣೀನೂ ಬಂದ್, ಅವರ ಕಂಪ್ಯೂಟರೂ ಬಂದ್" ಎಂದ ಶೇಖಪ್ಪ. ಜೂನ್ ಅರ್ಧ ಕಳೆದಿತ್ತು.

ಮೂರನೇ ಬುಧವಾರ ನಾನೇ ಸೆರಗು ಕೊಡವಿಕೊಂಡು ಹೋದೆ. ನಮ್ಮ ತಾಸು ಎಲ್ಲಿ ಹೋಗುತ್ತದೆ, ನೋಡಿಯೇ ಬಿಡೋಣ ಎಂದು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತೆ. ಅವತ್ತು ಡಬ್ಬಿಗಳು ಎದ್ದಿದ್ದವು! ಒಳಗೆ ಬಣ್ಣಬಣ್ಣದ ಕಾಗೆ, ನರಿ ಓಡಾಡುತ್ತಿದ್ದವು. ಮಕ್ಕಳು ಪಾಳಿಯಲ್ಲಿ ಬಂದು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕತೆ ಕೇಳಬೇಕು. ನಡುನಡುವೆ ಕಂಪ್ಯೂಟರೇ ಪ್ರಶ್ನೆ ಕೇಳುತ್ತದೆ, ಅವರು ಉತ್ತರ ಹೇಳಬೇಕು. ಯಾವನೋ ತುಂಟ ಒಂದು ಕಂಪ್ಯೂಟರಿನ ದನಿಯನ್ನು ಪೂರಾ ಏರಿಸಿಟ್ಟಿದ್ದ. ಅದರ ಮುಂದೆ ಕುಳಿತ ಹುಡುಗರೆಲ್ಲ "ಅಯ್ಯಯ್ಯಪ್ಪೋ" ಎಂದು ಹೆಡ್‌ಫೋನ್ ಕಿತ್ತು ಏಳುತ್ತಿದ್ದರು. ಇಳಿಸುವುದು ಹೇಗೆಂದು ಮಾಸ್ತರರು ನೋಟುಬುಕ್ಕಿನಲ್ಲಿ ಹುಡುಕುತ್ತಿದ್ದರು.

ಅಷ್ಟರಲ್ಲಿ ಚೈತ್ರಿಯ ಪಾಳಿ ಬಂದು, ಅವಳು ಅಲ್ಲೇ ಕುಳಿತಳು.

ಅವಳು ಕೀಳಲಿಲ್ಲ. ಸುಮ್ಮನೆ ಕುಳಿತಳು. ಮೋರೆ ಮೊದಲು ಬೆಪ್ಪಾಯಿತು, ಆಮೇಲೆ ನಿಧಾನಕ್ಕೆ ಅರಳಿತು. ಒಲೆ ಹತ್ತಿಕೊಂಡ ಹಾಗೆ, ಒಳಗಿನಿಂದ ಬೆಳಕು. ಕಾಗೆ ಎಲ್ಲಿ ಕುಳಿತಿತ್ತು ಎಂದು ಕೇಳಿತೋ ಏನೋ, "ಗಿಡದ ಮ್ಯಾಲೆ!" ಎಂದು ಗಿರಣಿಯ ದನಿಯಲ್ಲಿ ಒದರಿದಳು. ಕೋಣೆ ಎಲ್ಲ ನಕ್ಕಿತು. ಅವಳಿಗೆ ಅದರ ಪರಿವೆಯೇ ಇಲ್ಲ. "ನರಿ!" "ಹಸಿವಿಗೆ!" "ಮೂರು!" ಒಂದಾದ ಮೇಲೊಂದು. ಒಂದೂ ತಪ್ಪಲಿಲ್ಲ.

ಮಾಸ್ತರರು ನೋಟುಬುಕ್ಕು ಮುಚ್ಚಿದರು. ಕತೆ ಮುಗಿದ ಮೇಲೆ ಅವಳ ಕಿವಿಯಿಂದ ಹೆಡ್‌ಫೋನ್ ತೆಗೆದು, ಬೆನ್ನ ಹಿಂದೆ ಎರಡು ಹೆಜ್ಜೆ ಸರಿದು ನಿಂತು, ತಮ್ಮ ದನಿಯಲ್ಲಿ ಕರೆದರು. "ಚೈತ್ರಾ."

ಅವಳು ತಿರುಗಲಿಲ್ಲ.

"ಚೈತ್ರಾ, ಇಕಡೆ ನೋಡವಾ."

ಅವಳು ಬಣ್ಣದ ನರಿಯನ್ನೇ ನೋಡುತ್ತಿದ್ದಳು. ಬೇರೆ ದಿನವಾಗಿದ್ದರೆ, ಗಿರಣಿಯ ಸದ್ದಿನಲ್ಲಿ ಯಾರಿಗೆ ಕೇಳುತ್ತದೆ ಎಂದು ಬಿಟ್ಟುಬಿಡುತ್ತಿದ್ದರು. ಎರಡು ವರ್ಷ ಹಾಗೆಯೇ ಬಿಟ್ಟಿದ್ದರಲ್ಲ! ಅವತ್ತು ಗಿರಣಿ ನಿಂತಿತ್ತು. ಬೇವಿನ ಎಲೆ ಉದುರಿದರೂ ಕೇಳುವಷ್ಟು ನಿಶ್ಶಬ್ದ. ಮೂರನೇ ಸಲ ಕರೆದಾಗಲೂ ತಿರುಗದಿದ್ದದ್ದು ನೋಡಿ ನನಗೆ ಸಿಟ್ಟು ಬಂತು. ಬಾಗಿಲಿಂದಲೇ, "ಏ ಚೈತ್ರೀ! ಸರ ಕರ್ಯಾಕತ್ತಾರ, ಕೇಳಂಗಿಲ್ಲೇನ?" ಎಂದೆ.

ತಟ್ಟನೆ ತಿರುಗಿ, "ಆಯೀ, ನೀ ಯಾವಾಗ ಬಂದಿ?" ಎಂದಳು.

ಮಾಸ್ತರರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಇಬ್ಬರಿಗೂ ಒಂದೇ ಕ್ಷಣಕ್ಕೆ ತಿಳಿಯಿತು.

ನಮ್ಮದು ಗಿರಣಿ ಮನೆತನ. ಮೂರು ತಲೆಮಾರಿನಿಂದ ಆ ಸದ್ದಿನಲ್ಲಿ ಬದುಕಿ, ಉಪ್ಪು ಬೇಕೆಂದರೂ ಒದರಿಯೇ ಕೇಳುತ್ತೇವೆ. ನಮ್ಮ ಮನೆಯಲ್ಲಿ ಕೂಸು ತೊಟ್ಟಿಲಲ್ಲೇ ಕೂಗುವುದನ್ನು ಕಲಿಯುತ್ತದೆ. ಅವಳಿಗೆ ಕಡಿಮೆ ಕೇಳುತ್ತದೆಂದು ನಮಗೆ ಗೊತ್ತಾಗುವುದಾದರೂ ಹೇಗೆ? ಊರಲ್ಲೇ ದೊಡ್ಡ ದನಿಯ ಮನೆಯಿಂದ ಎದ್ದು, ಊರಲ್ಲೇ ಸಣ್ಣ ದನಿಯ ಮಾಸ್ತರರ ಮುಂದೆ ಹೋಗಿ ಕುಳಿತಿದ್ದಳು ನನ್ನ ಕೂಸು.

ಮಾಸ್ತರರು ಮಕ್ಕಳು ಕೂರುವ ಗಿಡ್ಡ ಬಾಕಿನ ಮೇಲೆ ಕುಳಿತರು. "ಎರಡ ವರ್ಷ, ಅವ್ವಾರ. ನಾ ಈ ಹುಡುಗಿಗೆ ಎರಡ ವರ್ಷ ಏನೂ ಕಲಿಸಿಲ್ಲ. ಮ್ಯಾಲೆ ಲಕ್ಷ್ಯ ಇಲ್ಲಂತ ಬರದ ಬರದ ಕೊಟ್ಟೆ."

ಮಧ್ಯಾಹ್ನ ಊಟಕ್ಕೆ ಕುಳಿತಾಗ ಶೇಖಪ್ಪನಿಗೆ ಹೇಳಿದೆ. ಅವನು ತಾಟು ಸರಿಸಿ ಎದ್ದ. ಸಂಜೆ ಮಾಸ್ತರರು ಗಿರಣಿಗೆ ಬಂದಾಗಲೂ ಅವನ ಸಿಟ್ಟು ಇಳಿದಿರಲಿಲ್ಲ.

"ನನ್ನ ಮಗಳು ಕಿವುಡಿ ಅಂತ ಡಂಗುರ ಹೊಡ್ಯಾಕ ಬಂದೀರೇನ್ರಿ? ನಾಳೆ ಆಕಿನ್ನ ಯಾರ ಲಗ್ನ ಮಾಡ್ಕೋಬೇಕು? ದಡ್ಡಿ ಅಂದ್ರಿ, ಸುಮ್ನ ಕುಂತ್ವಿ. ಈಗ ಇದೊಂದು ಶುರು ಹಚ್ಚೀರೇನು?"

ಹೀಗೆ ಅಂದು ಗಿರಣಿ ನಿಲ್ಲಿಸದೆ ಹಾಗೇ ಬಿಟ್ಟ. ಬೇಕೆಂದೇ ಬಿಟ್ಟ. ಪಾಳಿಯಲ್ಲಿ ಏಳೆಂಟು ಮಂದಿ ಕುಳಿತಿದ್ದರು. ಮಾಸ್ತರರ ತುಟಿ ಅಲುಗಿದವು. ಶೇಖಪ್ಪ ಕಿವಿಗೆ ಕೈ ಅಡ್ಡ ಹಿಡಿದು, "ಕೇಳವಲ್ದರೀ!" ಎಂದ.

ಮತ್ತೆ ಅಲುಗಿದವು.

"ಕೇಳವಲ್ದರೀ ಸರ!"

ಮಾಸ್ತರರು ಕಣ್ಣಿನ ಚಾಳೀಸು ತೆಗೆದರು. ಅಂಗಿಯ ತುದಿಗೆ ಒರೆಸಿ ಮತ್ತೆ ಹಾಕಿಕೊಂಡರು. ಕಣ್ಣು ಮುಚ್ಚಿದರು. ಆಮೇಲೆ, ನಾನು ದೇವರಾಣೆ ಹೇಳುತ್ತೇನೆ, ಆ ಮನುಷ್ಯ ಒದರಿದರು.

"ಶೇಖಪ್ಪಾ! ನಿನ್ನ ಮಗಳು ದಡ್ಡಿ ಅಲ್ಲೋ! ನಾನ ದಡ್ಡ! ನನ್ನ ದನಿ ಆಕೀಗೆ ಮುಟ್ಟಿಲ್ಲೋ! ತಪ್ಪು ನಂದು! ಶಾಲಿ ಬಿಡಸಬ್ಯಾಡಾ!"

ಹರೆಯದ ಹುಡುಗನ ದನಿ ಒಡೆದಂತೆ ನಡುವೆ ಕೀರಲಾಯಿತು. ಕೊರಳ ನರ ಎದ್ದಿದ್ದವು. ಒದರಿ ಮುಗಿಸಿದ್ದೇ ಕೆಮ್ಮು ಹತ್ತಿತು. ಖಾರದ ಗಾಳಿಯಲ್ಲಿ ಅಷ್ಟು ದೊಡ್ಡ ಬಾಯಿ ತೆರೆದರೆ ಇನ್ನೇನಾದೀತು? ಪಾಳಿಯಲ್ಲಿ ಯಾರೂ ನಗಲಿಲ್ಲ. ಎರಡನೇತ್ತೆಯ ಹುಡುಗನೊಬ್ಬ ಮಾಡಿದ ಆಣೆಯನ್ನು, ತಲೆ ನರೆತ ಮೇಲೆ, ನನ್ನ ಮೊಮ್ಮಗಳಿಗಾಗಿ ನಮ್ಮ ಗಿರಣಿಯ ಬಾಗಿಲಲ್ಲಿ ಮುರಿದರು. ಅದು ನನಗೆ ತಿಳಿದದ್ದು ಬಹಳ ಆಮೇಲೆ, ಚಡ್ಡಿಯ ಕತೆ ಕೇಳಿದಾಗ.

ಶೇಖಪ್ಪ ಗಿರಣಿ ನಿಲ್ಲಿಸಿದ. ಕೊಡದಿಂದ ನೀರು ಬಗ್ಗಿಸಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟ. "ಹಾವೇರಿಗೆ ಯಾವತ್ತ ಹೋಗೂನ್ರಿ ಸರ?" ಎಂದಷ್ಟೇ ಕೇಳಿದ.

ದವಾಖಾನೆಗೆ ಹೋಗುವ ದಿನ ಮಾಸ್ತರರು ರಜೆ ಹಾಕಿ, ಮೋಟೆಬೆನ್ನೂರಿನಲ್ಲಿ ನಮ್ಮದೇ ಬಸ್ಸು ಹತ್ತಿದರು. ಡಾಕ್ಟರು ಚೈತ್ರಿಯ ಕಿವಿಗೆ ದೀಪ ಬಿಟ್ಟು ನೋಡಿದರು. ಸಣ್ಣವಳಿದ್ದಾಗ ಕಿವಿ ಸೋರುತ್ತಿತ್ತೇ ಎಂದು ಕೇಳಿದರು. ಸೋರುತ್ತಿತ್ತು. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುತ್ತಿದ್ದವಳು ನಾನೇ. ಅದನ್ನು ಹೇಳುವಾಗ ನನ್ನ ದನಿಯೂ ಮಾಸ್ತರರ ದನಿಯ ಹಾಗಾಯಿತು. ಡಾಕ್ಟರು ಬೈಯಲಿಲ್ಲ. "ಇನ್ನ ಮ್ಯಾಲೆ ಬಿಡಬ್ಯಾಡ್ರಿ. ಒಂದ ಕಿವಿ ಔಷಧಕ್ಕ ಸುಧಾರಸ್ತೈತಿ, ಇನ್ನೊಂದಕ್ಕ ಮಷೀನ್ ಹಾಕೂಣು. ಬುದ್ಧಿ ಭಾಳ ಚುರುಕೈತಿ ಹುಡುಗೀದು" ಎಂದರು. ಪಡಸಾಲೆಗೆ ಬಂದು ಅತ್ತುಬಿಟ್ಟೆ. ಎದೆಯ ಮೇಲಿನ ಬೀಸುವ ಕಲ್ಲು ಇಳಿಸಿದಂತಾಗಿತ್ತು. ಮಾಸ್ತರರು ಕರವಸ್ತ್ರ ಕೊಟ್ಟರು. ಅದರಲ್ಲಿದ್ದ ನಮ್ಮದೇ ಗಿರಣಿಯ ಖಾರ ಕಣ್ಣಿಗೆ ಹತ್ತಿ ಮತ್ತಷ್ಟು ಅತ್ತೆ. ಚೈತ್ರಿ ನಕ್ಕಳು, ಆಮೇಲೆ ನಾವೆಲ್ಲ ನಕ್ಕೆವು.

ಕಿವಿಯ ಮಷೀನು ಬರಲು ಒಂದೂವರೆ ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಮಾಸ್ತರರು ಸುಮ್ಮನಿರಲಿಲ್ಲ. ರವಿವಾರ ರಾಣೆಬೆನ್ನೂರಿಗೆ ಹೋಗಿ, ಅಂಗಡಿ ಅಂಗಡಿ ತಿರುಗಿ, ದಪ್ಪ ಮೆತ್ತೆಯ ಹೆಡ್‌ಫೋನೊಂದನ್ನು ತಂದರು. ಅದು ಚೈತ್ರಿಯದೇ. ದಿನವೂ ಶಾಲೆಯ ಗಂಟೆಗೆ ಮೊದಲು, ಗಿರಣಿ ಶುರುವಾಗುವುದಕ್ಕೂ ಮೊದಲು, ಅವಳನ್ನು ಕಂಪ್ಯೂಟರ್ ಮುಂದೆ ಕೂರಿಸಿ ಮೂರನೇತ್ತೆಯಿಂದ ಪಾಠ ಹಚ್ಚುತ್ತಿದ್ದರು. ಬಿಟ್ಟುಹೋದ ಎರಡು ವರ್ಷವನ್ನು ಹೆಕ್ಕಿ ಹೆಕ್ಕಿ ಕೊಟ್ಟರು. ನೋಟುಬುಕ್ಕಿನ ಅವಶ್ಯಕತೆ ಅವರಿಗೆ ಆಮೇಲೆ ಬೀಳಲಿಲ್ಲ.

ತರಗತಿಯಲ್ಲೊಂದು ಹೊಸ ನೇಮ ಮಾಡಿದರು. ಯಾರಿಗೆ ಕೇಳದಿದ್ದರೂ ಎದ್ದು ನಿಂತು "ಕೇಳಲಿಲ್ಲ ಸರ" ಅನ್ನಬೇಕು. ನಾಚಬಾರದು. ಒಂದು ವಾರ ಹುಡುಗರು ಅದನ್ನೇ ಆಟ ಮಾಡಿಕೊಂಡರು. ಮೂಲೆಮೂಲೆಯಿಂದ "ಕೇಳಲಿಲ್ಲ ಸರ!" ಇವರು ಒಬ್ಬರ ಮೇಲೂ ಸಿಟ್ಟಾಗದೆ ಪ್ರತಿ ಸಲವೂ ದನಿ ಏರಿಸಿ ಮತ್ತೆ ಹೇಳಿದರು. ವಾರದ ಮೇಲೆ ಆಟದವರು ದಣಿದರು. ಖರೇ ಕೇಳದವರು ಇಬ್ಬರು ಉಳಿದರು. ಒಬ್ಬಳು ಚೈತ್ರಿ. ಇನ್ನೊಬ್ಬ, ಯಾರಿಗೂ ಗೊತ್ತಿರದ ಹಿಂದಿನ ಸಾಲಿನ ಹುಡುಗ! ಅವನನ್ನೂ ಹಾವೇರಿಗೆ ಕರೆದುಕೊಂಡು ಹೋದರು.

ಇನ್ನು ಹೋದ ವಾರದ್ದು. ಚೈತ್ರಿ ಈಗ ಹತ್ತನೇತ್ತೆ ಪಾಸಾಗಿ ಕಾಲೇಜಿಗೆ ಹೆಸರು ಹಚ್ಚಿದ್ದಾಳೆ. ಫಸ್ಟ್ ಕ್ಲಾಸು. ಎರಡು ಸಲ ಬರೆಯಲೇ? ಫಸ್ಟ್ ಕ್ಲಾಸು! ಸಭೆಗೆ ನಾವೆಲ್ಲ ಹೋಗಿದ್ದೆವು. ಶಾಲೆಯ ಅಂಗಳದಲ್ಲಿ ಪೆಂಡಾಲು, ಮೈಕು, ಶಾಲು, ಹಾರ. ಗಣ್ಯರು ಮಾತಾಡಿ ಮಾತಾಡಿ ಮುಗಿಸಿ, ಕಡೆಗೆ ಮಾಸ್ತರರು ಎದ್ದು ನಿಂತರು. ಸರಿಯಾಗಿ ಅದೇ ಹೊತ್ತಿಗೆ ಕರೆಂಟು ಹೋಯಿತು, ಮೈಕು ಸತ್ತಿತು. ಅವರು ಮೈಕಿನ ಕಡೆ ಲಕ್ಷ್ಯವೇ ಇಲ್ಲದೆ ಹಳೇ ದನಿಯಲ್ಲೇ ಶುರು ಮಾಡಿದರು. ತುಟಿ ಅಲುಗುತ್ತಿದ್ದವು. ಮಂದಿ ಮರ್ಯಾದೆಗೆ ತಲೆ ಆಡಿಸುತ್ತ ಕುಳಿತರು.

ಹಿಂದಿನಿಂದ ನಮ್ಮ ಚೈತ್ರಿ ಎದ್ದು ನಿಂತಳು.

"ಕೇಳಲಿಲ್ಲ ಸರ!"

ಸಭೆ ಎಲ್ಲ ತಿರುಗಿ ನೋಡಿತು. ವೇದಿಕೆಯ ಮೇಲಿದ್ದ ಗಣ್ಯರೊಬ್ಬರು ಹುಬ್ಬು ಗಂಟಿಕ್ಕಿದರು. ನಾನು ಅವಳ ಕೈ ಜಗ್ಗಿದೆ. ಮಾಸ್ತರರು ಮಾತ್ರ ಚಾಳೀಸು ತೆಗೆದು, ಅಂಗಿಯ ತುದಿಗೆ ಒರೆಸಿ, ಹಾಕಿಕೊಂಡು ಅವಳನ್ನು ನೋಡಿದರು. ನಕ್ಕರು. ಎದೆ ತುಂಬ ಗಾಳಿ ತೆಗೆದುಕೊಂಡರು.

"ಈಗ ಕೇಳಸ್ತೇನವಾ?"

"ಈಗ ಕೇಳ್ತೈತ್ರಿ ಸರ!"

ಮಾತು ಅರ್ಧ ಆಗುವಷ್ಟರಲ್ಲಿ ಕರೆಂಟು ಬಂತು. ಮೈಕು ಎಚ್ಚರಾಗುವ ಮೊದಲೇ ಗೋಡೆಯಾಚೆ ನಮ್ಮ ಆಳು ಗಿರಣಿ ಚಾಲೂ ಮಾಡಿದ. ಅಂಗಳ ಅದುರಿತು. ನಿಲ್ಲಿಸಿ ಬರಲೆಂದು ಶೇಖಪ್ಪ ಧೋತರ ಎತ್ತಿ ಕಟ್ಟಿಕೊಂಡು ಓಡಿದ. ಮಾಸ್ತರರು ಹಾರದ ನಡುವಿನಿಂದ ಕೈ ಎತ್ತಿ ತಡೆದರು.

"ಬ್ಯಾಡೋ ಶೇಖಪ್ಪಾ! ಪಾಳೇದಾಗ ಮಂದಿ ಅದಾರ, ನಡೀಲಿ ಗಿರಣಿ! ನನಗ ಒದರಾಕ ಬರತೈತಿ!"

ಹಾಗೆ ಅಂದು, ಗಿರಣಿಗಿಂತ ದೊಡ್ಡ ದನಿಯಲ್ಲಿ ಮಾತು ಮುಂದುವರಿಸಿದರು. ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕುಳಿತಿದ್ದ ಚೈತ್ರಿ ಕಿವಿಗೆ ಕೈ ಹಚ್ಚಿ, ಮಷೀನಿನ ದನಿಯನ್ನು ಒಂದಿಷ್ಟು ಇಳಿಸಿಕೊಂಡಳು.